ಒಂಬತ್ತು ಮಕ್ಕಳು ಹತ್ತಿದ ಮೆಟ್ಟಿಲು

ಅಮೆರಿಕಕ್ಕೆ ಹೋದವರು ನಯಾಗರ ನೋಡುತ್ತಾರೆ, ಸ್ವಾತಂತ್ರ್ಯ ದೇವಿಯ ಪ್ರತಿಮೆ ನೋಡುತ್ತಾರೆ. ನಾವು ಈ ಸಲ ಒಂದು ಸರ್ಕಾರಿ ಹೈಸ್ಕೂಲು ನೋಡಿ ಬಂದೆವು. ಆರ್ಕನ್ಸಾ ರಾಜ್ಯದ ರಾಜಧಾನಿ ಲಿಟಲ್ ರಾಕ್‌ನಲ್ಲಿರುವ ಸೆಂಟ್ರಲ್ ಹೈಸ್ಕೂಲು ಅದು. ಮಗನ ಮನೆಯಿರುವ ಡಲ್ಲಾಸ್‌ನಿಂದ ಕಾರಿನಲ್ಲಿ ಸುಮಾರು ಐದು ಗಂಟೆಯ ದಾರಿ. ಮೊಮ್ಮಗಳಿಗೆ ವಸಂತದ ರಜೆ. ಲಿಟಲ್ ರಾಕ್‌ನಲ್ಲಿ ಮಾತ್ರ ಶಾಲೆ ನಡೆಯುತ್ತಿತ್ತು. “ರಜೇಲೂ ಸ್ಕೂಲಿಗಾ ಅಜ್ಜಿ?” ಎನ್ನುತ್ತಲೇ ಅವಳು ಕಾರು ಹತ್ತಿದಳು.

ಬೀದಿಯ ತಿರುವಿನಲ್ಲಿ ಕಟ್ಟಡ ಕಣ್ಣಿಗೆ ಬಿದ್ದಾಗ ಅದು ಶಾಲೆಯೋ ಅರಮನೆಯೋ ಎನ್ನಿಸಿತು. ತಿಳಿ ಕಂದು ಇಟ್ಟಿಗೆಯ ಉದ್ದನೆಯ ಕಟ್ಟಡ, ಮುಂದೆ ನೀರಿನ ಕೊಳ, ಎರಡೂ ಬದಿಯಿಂದ ಏರಿಹೋಗುವ ಮೆಟ್ಟಿಲುಗಳು. ಬಾಗಿಲುಗಳ ಮೇಲೆ ನಾಲ್ಕು ಪ್ರತಿಮೆಗಳು: ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ. 1927ರಲ್ಲಿ 15 ಲಕ್ಷ ಡಾಲರ್ ಖರ್ಚು ಮಾಡಿ ಕಟ್ಟಿದ ಈ ಶಾಲೆಯನ್ನು ಅಮೆರಿಕದ ಅತಿ ಸುಂದರ ಹೈಸ್ಕೂಲು ಎಂದು ಆಗಿನ ವಾಸ್ತುಶಿಲ್ಪಿಗಳು ಕೊಂಡಾಡಿದ್ದರಂತೆ.

ಆದರೆ ‘ಅವಕಾಶ’ದ ಪ್ರತಿಮೆ ನಿಂತಿದ್ದ ಆ ಬಾಗಿಲು ಬಿಳಿಯ ಮಕ್ಕಳಿಗೆ ಮಾತ್ರ ತೆರೆದಿತ್ತು. ಕಪ್ಪು ಜನಾಂಗದ ಮಕ್ಕಳಿಗಾಗಿ ಎರಡು ವರ್ಷಗಳ ನಂತರ, 1929ರಲ್ಲಿ, ಡನ್‌ಬಾರ್ ಎಂಬ ಬೇರೆ ಹೈಸ್ಕೂಲು ಕಟ್ಟಿದರು. ಅದಕ್ಕೆ ಖರ್ಚಾದದ್ದು 4 ಲಕ್ಷ ಡಾಲರ್. ಒಂದೇ ಊರು, ಒಂದೇ ಸರ್ಕಾರ, ಎರಡು ಅಳತೆ. 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟು, ಸರ್ಕಾರಿ ಶಾಲೆಗಳಲ್ಲಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಆ ತೀರ್ಪು ಈ ಮೆಟ್ಟಿಲು ಹತ್ತಲು ಮೂರು ವರ್ಷ ಬೇಕಾಯಿತು. ಹತ್ತಿಸಿದವರು ಒಂಬತ್ತು ಮಕ್ಕಳು: ಆರು ಹುಡುಗಿಯರು, ಮೂವರು ಹುಡುಗರು.

ಶಾಲೆಯ ಎದುರಿಗೇ ಸಂದರ್ಶಕರ ಕೇಂದ್ರವಿದೆ. ನಮ್ಮಲ್ಲಿ ರೇಂಜರ್ ಎಂದರೆ ಕಾಡು ಕಾಯುವವರು. ಅಲ್ಲಿ ರಾಷ್ಟ್ರೀಯ ಉದ್ಯಾನಗಳ ಇಲಾಖೆಯೇ ಇಂಥ ಚಾರಿತ್ರಿಕ ಸ್ಥಳಗಳನ್ನೂ ನೋಡಿಕೊಳ್ಳುವುದರಿಂದ, ಅಗಲ ಅಂಚಿನ ಟೋಪಿಯ ರೇಂಜರ್ ಒಬ್ಬರು ನಮ್ಮನ್ನು ಕರೆದುಕೊಂಡು ಹೊರಟರು. ಮೊದಲು ನಿಲ್ಲಿಸಿದ್ದು ಬೀದಿಯಲ್ಲೇ. “ಎಲಿಜಬೆತ್ ಎಕ್‌ಫರ್ಡ್ ನಡೆದದ್ದು ಈ ಬೀದಿಯಲ್ಲಿ” ಎಂದರು.

1957ರ ಸೆಪ್ಟೆಂಬರ್ 4. ಎಲಿಜಬೆತ್‌ಗೆ ಹದಿನೈದು ವರ್ಷ. ಹೊಸ ಶಾಲೆಗೆಂದು ತಾನೇ ಹೊಲಿದ ಬಿಳಿಯ ಉಡುಪು ತೊಟ್ಟಿದ್ದಳು. ಒಂಬತ್ತೂ ಮಕ್ಕಳು ಒಟ್ಟಾಗಿ ಹೋಗಬೇಕೆಂದು ಹಿಂದಿನ ರಾತ್ರಿ ಅವರ ಬೆಂಬಲಕ್ಕಿದ್ದ ಪತ್ರಿಕಾ ಸಂಪಾದಕಿ ಡೇಸಿ ಬೇಟ್ಸ್ ಎಲ್ಲರಿಗೂ ಫೋನ್ ಮಾಡಿಸಿದ್ದರು. ಎಲಿಜಬೆತ್ ಮನೆಯಲ್ಲಿ ಫೋನ್ ಇರಲಿಲ್ಲ. ಅವಳು ಸಿಟಿ ಬಸ್ಸಿನಲ್ಲಿ ಒಬ್ಬಳೇ ಬಂದಿಳಿದಳು. ಶಾಲೆಯ ಮುಂದೆ ಬಂದೂಕು ಹಿಡಿದ ನ್ಯಾಷನಲ್ ಗಾರ್ಡ್ ಪಡೆ ನಿಂತಿತ್ತು. ನಮ್ಮ ಮುಖ್ಯಮಂತ್ರಿಯಂತೆ ಅಲ್ಲಿ ರಾಜ್ಯ ಆಳುವವರು ಗವರ್ನರ್. ಆಗಿನ ಗವರ್ನರ್ ಆರ್ವಲ್ ಫಾಬಸ್ ಆ ಪಡೆಯನ್ನು ನಿಲ್ಲಿಸಿದ್ದು ಕಪ್ಪು ಮಕ್ಕಳನ್ನು ತಡೆಯಲು. ಬಿಳಿಯ ಮಕ್ಕಳು ಒಳಗೆ ಹೋದರು. ಎಲಿಜಬೆತ್ ಬಂದಾಗ ಬಂದೂಕುಗಳು ಅಡ್ಡ ಬಂದವು. ಹಿಂದೆ ಕೂಗಾಡುವ ಗುಂಪು. ಕರುಣೆಯ ಮುಖ ಯಾವುದಾದರೂ ಇದೆಯೇ ಎಂದು ಹುಡುಕಿದಾಗ ಒಬ್ಬ ಮುದುಕಿ ಕಂಡಳಂತೆ, ಆಕೆ ಉಗುಳಿದಳು.

ಎಲಿಜಬೆತ್ ಓಡಲಿಲ್ಲ. ಪುಸ್ತಕ ಎದೆಗವಚಿಕೊಂಡು ಬೀದಿಯ ಕೊನೆಯ ಬಸ್ ನಿಲ್ದಾಣದವರೆಗೆ ನಡೆದು ಬೆಂಚಿನ ಮೇಲೆ ಕುಳಿತಳು. ಗ್ರೇಸ್ ಲಾರ್ಚ್ ಎಂಬ ಬಿಳಿಯ ಮಹಿಳೆ ಗುಂಪನ್ನು ಗದರಿಸಿ, ಅವಳನ್ನು ಬಸ್ಸು ಹತ್ತಿಸಿದರು. ಎಲಿಜಬೆತ್ ನೇರ ಹೋದದ್ದು ಅಮ್ಮ ಕೆಲಸ ಮಾಡುತ್ತಿದ್ದ ಜಾಗಕ್ಕೆ. ಅವಳು ನಡೆದುಹೋಗುತ್ತಿರುವ ಫೋಟೊ ತೆಗೆದ ವಿಲ್ ಕೌಂಟ್ಸ್ ಇದೇ ಶಾಲೆಯ ಹಳೆಯ ವಿದ್ಯಾರ್ಥಿ. ಕೇಂದ್ರದ ಗೋಡೆಯ ಮೇಲೆ ಆ ಫೋಟೊ ನೋಡಿದ ಮೊಮ್ಮಗಳು, “ಇವಳ ಜೊತೆ ಯಾರೂ ಇರಲೇ ಇಲ್ವಾ?” ಎಂದು ಎರಡು ಸಲ ಕೇಳಿದಳು.

ಸೆಪ್ಟೆಂಬರ್ 23ರಂದು ಮಕ್ಕಳು ಪಕ್ಕದ ಬಾಗಿಲಿನಿಂದ ಒಳಗೆ ಹೋದರೂ, ಹೊರಗಿನ ಗುಂಪಿಗೆ ಹೆದರಿ ಪೊಲೀಸರು ಮಧ್ಯಾಹ್ನದೊಳಗೆ ಅವರನ್ನು ಹೊರಗೆ ಸಾಗಿಸಬೇಕಾಯಿತು. ಮರುದಿನ ಅಧ್ಯಕ್ಷ ಐಸೆನ್‌ಹೋವರ್ ಸೇನೆಯ ಸಾವಿರಕ್ಕೂ ಹೆಚ್ಚು ಯೋಧರನ್ನು ಕಳುಹಿಸಿದರು. ಸೆಪ್ಟೆಂಬರ್ 25ರ ಬೆಳಿಗ್ಗೆ ಒಂಬತ್ತು ಮಕ್ಕಳು ಸೈನಿಕರ ನಡುವೆ ಮುಂಬಾಗಿಲಿನಿಂದಲೇ ಒಳಗೆ ನಡೆದರು. ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಸುತ್ತವೆ. ನಮ್ಮ ರೇಂಜರ್ ಮಾತ್ರ, “ಕಷ್ಟ ಶುರುವಾದದ್ದು ಇಲ್ಲಿಂದ” ಎಂದು ಬಾಗಿಲು ತಳ್ಳಿದರು.

ಒಳಗೆ ಉದ್ದನೆಯ ಮೊಗಸಾಲೆ, ಸಾಲು ಲಾಕರುಗಳು, ಎತ್ತರದ ಮೆಟ್ಟಿಲುಗಳು, ಎರಡು ಸಾವಿರ ಜನ ಕೂರುವ ಸಭಾಂಗಣ. ಆ ವರ್ಷ ಒಬ್ಬೊಬ್ಬ ವಿದ್ಯಾರ್ಥಿಗೂ ಒಬ್ಬ ಸೈನಿಕನ ಕಾವಲಿತ್ತು. ಆದರೆ ತರಗತಿಯೊಳಗೆ, ಶೌಚಾಲಯದೊಳಗೆ ಸೈನಿಕರು ಬರುವಂತಿರಲಿಲ್ಲ. ಸುಮಾರು ಎರಡು ಸಾವಿರ ವಿದ್ಯಾರ್ಥಿಗಳ ನಡುವೆ ಒಂಬತ್ತು ಜನ. ಮೆಟ್ಟಿಲಲ್ಲಿ ತಳ್ಳುವುದು, ಲಾಕರ್ ಒಡೆದು ಪುಸ್ತಕ ಹಾಳುಮಾಡುವುದು, ಹೆಸರಿಟ್ಟು ಕೂಗುವುದು ದಿನದ ಪಾಠವಾಯಿತು. ಥೆಲ್ಮಾ ಮದರ್‌ಶೆಡ್ ಎಂಬ ಹುಡುಗಿಗೆ ಹುಟ್ಟಿನಿಂದ ಹೃದಯದ ತೊಂದರೆ. ಅವಳೂ ಈ ಮೆಟ್ಟಿಲುಗಳನ್ನೇ ಹತ್ತಿಳಿಯುತ್ತಿದ್ದಳು.

ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದು ಸಂಗತಿ. ಪ್ರವೇಶ ಕೊಡುವಾಗಲೇ ಈ ಮಕ್ಕಳಿಗೆ ಒಂದು ಷರತ್ತು ಹಾಕಿದ್ದರು: ಆಟದ ತಂಡ, ಬ್ಯಾಂಡು, ಗಾಯನ, ಸಂಘಗಳು ಯಾವುದರಲ್ಲೂ ಸೇರುವಂತಿಲ್ಲ. ಅರ್ನೆಸ್ಟ್ ಗ್ರೀನ್ ಹಳೆಯ ಶಾಲೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ. ಜೆಫರ್‌ಸನ್ ಥಾಮಸ್ ಒಳ್ಳೆಯ ಓಟಗಾರ. ಮಿನಿಜೀನ್ ಬ್ರೌನ್‌ಗೆ ಹಾಡುವ ಆಸೆ. ಎಲ್ಲವನ್ನೂ ಬಾಗಿಲಾಚೆ ಬಿಟ್ಟು ಪಾಠಕ್ಕಷ್ಟೇ ಬರಬೇಕು. ನಮ್ಮ ಶಾಲೆಯ ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ಲೆಕ್ಕದ ಪಾಠವೇ? ಕೊಕ್ಕೊ ಆಟ, ಗಣರಾಜ್ಯೋತ್ಸವದ ಹಾಡು, ಬುತ್ತಿ ಬಿಚ್ಚಿ ಹಂಚಿಕೊಂಡ ಉಪ್ಪಿನಕಾಯಿ. ಅದಿಲ್ಲದ ಶಾಲೆ ಹೇಗಿದ್ದೀತು ಎಂದು ಆ ಮೊಗಸಾಲೆಯಲ್ಲಿ ನಿಂತು ಯೋಚಿಸಿದೆ.

ಡಿಸೆಂಬರ್‌ನಲ್ಲಿ ಊಟದ ಹಾಲ್‌ನಲ್ಲಿ ಹುಡುಗರು ಕುರ್ಚಿ ಅಡ್ಡ ಸರಿಸಿ ಕಾಡಿದಾಗ, ಮಿನಿಜೀನ್ ಕೈಯಲ್ಲಿದ್ದ ತಟ್ಟೆಯ ಸಾರು ಅವರ ಮೇಲೆ ಬಿತ್ತು. ಅವಳನ್ನು ಅಮಾನತು ಮಾಡಿದರು. ಫೆಬ್ರವರಿಯಲ್ಲಿ ಶಾಲೆಯಿಂದಲೇ ಹೊರಗೆ ಹಾಕಿದರು. ‘ಒಬ್ಬಳು ಹೋದಳು, ಇನ್ನು ಎಂಟು’ ಎಂಬ ಚೀಟಿಗಳು ಶಾಲೆಯಲ್ಲಿ ಹರಿದಾಡಿದವು. ಆದರೆ ಉಳಿದ ಎಂಟು ಮಂದಿ ವರ್ಷ ಮುಗಿಸಿದರು. 1958ರ ಮೇ 27ರಂದು ಶಾಲೆಯ ಕ್ರೀಡಾಂಗಣದಲ್ಲಿ ಆರುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಪದವಿ ಪ್ರದಾನ. ಒಬ್ಬೊಬ್ಬರ ಹೆಸರಿಗೂ ಚಪ್ಪಾಳೆ. ಅರ್ನೆಸ್ಟ್ ಗ್ರೀನ್ ಹೆಸರು ಕೂಗಿದಾಗ ಮೌನ. ಅವನ ಮನೆಯವರ ಜೊತೆ ಕುಳಿತು ನೋಡುತ್ತಿದ್ದ ಅತಿಥಿಯೊಬ್ಬರಿದ್ದರು: ಮಾರ್ಟಿನ್ ಲೂಥರ್ ಕಿಂಗ್. ಆ ಶಾಲೆಯಿಂದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅರ್ನೆಸ್ಟ್.

ಮರುವರ್ಷ ಇನ್ನೂ ವಿಚಿತ್ರ. ಕಪ್ಪು ಮಕ್ಕಳು ಬಾರದಿರಲೆಂದು ಗವರ್ನರ್ ನಗರದ ಸರ್ಕಾರಿ ಹೈಸ್ಕೂಲುಗಳನ್ನೆಲ್ಲ ಮುಚ್ಚಿಸಿದರು. ಮೂರೂವರೆ ಸಾವಿರಕ್ಕೂ ಹೆಚ್ಚು ಮಕ್ಕಳು, ಕಪ್ಪು ಬಿಳಿ ಎಲ್ಲರೂ, ಶಾಲೆಯಿಲ್ಲದೆ ಉಳಿದರು. ಕೆಲವರು ನೆಂಟರ ಊರಿಗೆ ಹೋದರು, ಕೆಲವರ ಓದೇ ನಿಂತಿತು. ಶಿಕ್ಷಕರು ಮಾತ್ರ ಕರಾರಿನಂತೆ ದಿನವೂ ಬಂದು ಖಾಲಿ ತರಗತಿಯಲ್ಲಿ ಕುಳಿತು ಹೋಗುತ್ತಿದ್ದರು. ಶಾಲೆ ಮುಚ್ಚಿದ್ದರೂ ಶಾಲೆಯ ಫುಟ್‌ಬಾಲ್ ಪಂದ್ಯಗಳು ನಡೆದವು! ಈ ಮಾತಿಗೆ ಮೊಮ್ಮಗಳು ನಕ್ಕಳು. ಜೊತೆಗಿದ್ದ ಹಿರಿಯ ಮಹಿಳೆಯೊಬ್ಬರು ನಗಲಿಲ್ಲ. ಆ ವರ್ಷವನ್ನು ಊರಿನವರು ಇಂದಿಗೂ ‘ಕಳೆದುಹೋದ ವರ್ಷ’ ಎನ್ನುತ್ತಾರೆ. ಒಂಬತ್ತು ಜನರನ್ನು ಹೊರಗಿಡಲು ಹೊರಟ ಊರು ತನ್ನೆಲ್ಲ ಮಕ್ಕಳನ್ನೂ ಹೊರಗಿಟ್ಟಿತು. 1959ರ ಆಗಸ್ಟ್‌ನಲ್ಲಿ ಬಾಗಿಲು ಮತ್ತೆ ತೆರೆಯಿತು. ಮೊದಲ ಒಂಬತ್ತು ಮಂದಿಯಲ್ಲಿ ಕಾರ್ಲೊಟಾ ವಾಲ್ಸ್ ಮತ್ತು ಜೆಫರ್‌ಸನ್ ಮರಳಿ ಬಂದು 1960ರಲ್ಲಿ ಇಲ್ಲೇ ಓದು ಮುಗಿಸಿದರು.

ನಾವಲ್ಲಿರುವಾಗಲೇ ಗಂಟೆ ಹೊಡೆಯಿತು. ಕ್ಷಣದಲ್ಲಿ ಮೊಗಸಾಲೆ ತುಂಬ ಮಕ್ಕಳು. ಎಲ್ಲ ಬಣ್ಣದ ಮುಖಗಳು, ಬೆನ್ನಿಗೆ ಚೀಲ, ಯಾರದೋ ಕೈಯಲ್ಲಿ ಕಹಳೆಯ ಪೆಟ್ಟಿಗೆ, ಯಾರದೋ ಅಂಗಿಯ ಮೇಲೆ ಶಾಲಾ ತಂಡದ ಹುಲಿ. ನಾವು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆವು. ಪಾಠ ನಡೆಯುತ್ತಲೇ ಇರುವ ಹೈಸ್ಕೂಲು ರಾಷ್ಟ್ರೀಯ ಸ್ಮಾರಕವೂ ಆಗಿರುವುದು ಬಹಳ ಅಪರೂಪ. ಇದಕ್ಕೆ ಆ ಮನ್ನಣೆ ಸಿಕ್ಕಿದ್ದು 1998ರಲ್ಲಿ. ಒಳಗೆ ನೋಡಬೇಕೆಂದರೆ ಮೊದಲೇ ಹೆಸರು ನೋಂದಾಯಿಸಬೇಕು. ರಸ್ತೆಯಾಚೆ ಒಂಬತ್ತು ಮರ, ಒಂಬತ್ತು ಬೆಂಚುಗಳ ಪುಟ್ಟ ತೋಟವಿದೆ. ಎಲಿಜಬೆತ್ ಕುಳಿತಿದ್ದಂಥ ಬೆಂಚನ್ನೇ 2018ರಲ್ಲಿ ಆ ಬಸ್ ನಿಲ್ದಾಣದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅದಕ್ಕೆ ಈ ಶಾಲೆಯ ಮಕ್ಕಳೂ ಕೈಜೋಡಿಸಿದ್ದರು. ಮೊಮ್ಮಗಳು ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ.

ಈ ಶಾಲೆಯ ಒಂದು ಪದ್ಧತಿಯನ್ನು ನಾವೂ ತರಬಹುದು. ಒಂಬತ್ತನೇ ತರಗತಿಯ ಮಕ್ಕಳು ಮನೆಯ ಅಥವಾ ನೆರೆಹೊರೆಯ ಹಿರಿಯರನ್ನು ಮಾತಾಡಿಸಿ, ಅವರು ಕಂಡ ಅನ್ಯಾಯದ, ಅದನ್ನು ಎದುರಿಸಿದ ಒಂದು ನೆನಪನ್ನು ಬರೆದು ತರುತ್ತಾರೆ. ಅವು ಪುಸ್ತಕವಾಗಿಯೂ ಬಂದಿವೆ. ಅಂಬೇಡ್ಕರ್ ಅವರು ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕುಳಿತು ಓದಿದ್ದನ್ನು, ನೀರು ಕೊಡಲು ಜವಾನ ಬರುವವರೆಗೆ ಬಾಯಾರಿ ಕಾದದ್ದನ್ನು ಮಕ್ಕಳೇ, ನೀವು ಓದಿರುತ್ತೀರಿ. ನಮ್ಮ ಮನೆಗಳಲ್ಲೂ ಇಂಥ ನೆನಪುಗಳಿವೆ: ಹೊರಗೆ ಕುಳಿತು ಪಾಠ ಕೇಳಿದವರು, ಹೆಣ್ಣೆಂದು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು, ಬಿಡಿಸಿದವರ ಜೊತೆ ಜಗಳವಾಡಿ ಮತ್ತೆ ಸೇರಿಸಿದ ಮಾಸ್ತರರು. ಈ ಭಾನುವಾರ ಅಜ್ಜಿ ತಾತನ ಪಕ್ಕ ಕುಳಿತು, “ನಿಮ್ಮ ಶಾಲೆಯಲ್ಲಿ ಒಬ್ಬರೇ ಕೂರುತ್ತಿದ್ದವರು ಯಾರು?” ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಡಿ. ಊರು, ಇಸವಿ ಸೇರಿಸಲು ಮರೆಯಬೇಡಿ.