ಕೊಯ್ಯದ ಚೂರಿಗಳು

ಅಂಚೆಚೀಟಿ ಕೂಡಿಡುವವರನ್ನು ಯಾರೂ ‘ಯಾಕೆ?’ ಎಂದು ಕೇಳುವುದಿಲ್ಲ. ಹಳೆಯ ನಾಣ್ಯ, ಬೆಂಕಿಪೊಟ್ಟಣ, ಫೌಂಟನ್ ಪೆನ್ನು, ಯಾವುದನ್ನು ಕೂಡಿಟ್ಟರೂ ಮನೆಗೆ ಬಂದವರು ‘ಒಳ್ಳೆಯ ಹವ್ಯಾಸ’ ಎಂದು ತಲೆದೂಗಿ ಚಹಾ ಕುಡಿದು ಹೋಗುತ್ತಾರೆ. ಚೂರಿ ಕೂಡಿಡುತ್ತೇವೆ ಎಂದರೆ ಮಾತ್ರ ಚಹಾದ ಲೋಟ ಅರ್ಧದಲ್ಲೇ ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಂತೂ ಚೂರಿ ಎಂಬ ಪದ ಪತ್ರಿಕೆಗಳಲ್ಲಿ ‘ಇರಿತ’ದ ಜೊತೆಗಲ್ಲದೆ ಒಂಟಿಯಾಗಿ ಕಾಣಿಸಿಕೊಳ್ಳುವುದೇ ಅಪರೂಪ.

ನಾವು ನಾಲ್ವರು ಗೆಳೆಯರು. ಒಬ್ಬರು ಶಾಲಾ ಮಾಸ್ತರು, ಒಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಒಬ್ಬರು ಕೊಲ್ಲಿಯಿಂದ ಮರಳಿ ಮಂಗಳೂರಿನಲ್ಲಿ ಅಂಗಡಿ ಇಟ್ಟವರು, ನಾಲ್ಕನೆಯವರು ಕೊಡಗಿನಲ್ಲಿ ಕಾಫಿ ತೋಟ ಇರುವವರು. ನಾಲ್ವರದ್ದೂ ಸೇರಿದರೆ ಇನ್ನೂರರ ಮೇಲೆ ಚೂರಿಗಳಿವೆ. ನಮ್ಮಲ್ಲಿ ಯಾರೂ ಜಗಳಗಂಟರಲ್ಲ. ಒಬ್ಬರಂತೂ ಕೋಳಿ ಅಂಗಡಿಯ ಮುಂದೆ ನಿಂತಾಗ ಮುಖ ಆಚೆ ತಿರುಗಿಸುವವರು. ಹಾಗಿದ್ದರೆ ಈ ಗೀಳು ಹತ್ತಿದ್ದಾದರೂ ಹೇಗೆ? ಮನೆಯವರು ಹಲವು ಸಲ ಕೇಳಿದ ಪ್ರಶ್ನೆ ಇದು. ನಮಗೂ ಉತ್ತರ ಬೇಕಾಗಿದೆ.

ಮೊದಲ ಚೂರಿ ಯಾರೂ ಸಂಗ್ರಹಕ್ಕೆಂದು ಕೊಂಡದ್ದಲ್ಲ. ಅದು ಹುಡುಗಾಟದಲ್ಲಿ ಬಂದದ್ದು. ಕೊಲ್ಲಿಯಿಂದ ರಜೆಯಲ್ಲಿ ಬರುತ್ತಿದ್ದ ಮಾವಂದಿರ ಪೆಟ್ಟಿಗೆಯಲ್ಲಿ ಅತ್ತರು, ಟೇಪ್ ರೆಕಾರ್ಡರ್, ತಲೆನೋವಿನ ಮುಲಾಮಿನ ನಡುವೆ ಒಂದು ಕೆಂಪು ಹಿಡಿಯ ಮಡಚುವ ಚೂರಿ ಇರುತ್ತಿತ್ತು. ಸ್ವಿಟ್ಜರ್ಲೆಂಡಿನ ಈಬಾಖ್ ಎಂಬ ಹಳ್ಳಿಯಲ್ಲಿ 1884ರಲ್ಲಿ ಕಾರ್ಖಾನೆ ತೆರೆದ ಕಾರ್ಲ್ ಎಲ್ಸೆನರ್ 1897ರಲ್ಲಿ ಹಕ್ಕು ನೋಂದಾಯಿಸಿದ ಚೂರಿಯ ವಂಶದ್ದು ಅದು ಎಂದು ನಮಗಾಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅದರ ಸದ್ದು ಮಾತ್ರ. ಅಲಗನ್ನು ಉಗುರಿನಿಂದ ಎತ್ತಿ ಬಿಟ್ಟರೆ ‘ಟಕ್’ ಎಂದು ತನ್ನ ಜಾಗದಲ್ಲಿ ಕೂರುವ ಸದ್ದು. ಪೇರಳೆ ಹಣ್ಣನ್ನು ನಾಲ್ಕು ಭಾಗ ಮಾಡಿ ಗೆಳೆಯರಿಗೆ ಹಂಚಿದವನು ಆ ದಿನದ ಮಟ್ಟಿಗೆ ಓಣಿಯ ನವಾಬ. ಕತ್ತಿ ಮಕ್ಕಳ ಕೈಗೆ ಕೊಡುವ ವಸ್ತುವಲ್ಲ. ಅದನ್ನು ಕೊಟ್ಟರೆ ಹಿರಿಯರು ನಂಬಿದ್ದಾರೆಂದು ಅರ್ಥ. ಆ ನಂಬಿಕೆಯ ರುಚಿ ಕೈಗೆ ಹತ್ತಿದ್ದು ಅಲ್ಲಿಯೇ ಇರಬೇಕು.

ಎರಡನೆಯದು ಸಂಖ್ಯೆಯ ಮೋಹ. ಫ್ರಾನ್ಸಿನ ಸವೊಯ್ ಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗೆಂದು ಮರದ ಹಿಡಿಯ ಸರಳ ಮಡಚುಚೂರಿ ರೂಪಿಸಿದ. 1897ರ ಹೊತ್ತಿಗೆ ಅದನ್ನು 1ರಿಂದ 12ರವರೆಗೆ ಹನ್ನೆರಡು ಅಳತೆಗಳಲ್ಲಿ ಮಾಡತೊಡಗಿದ. ಮುಂದೆ ಒಂದನೆಯ ಮತ್ತು ಹನ್ನೊಂದನೆಯ ಅಳತೆಗಳನ್ನು ನಿಲ್ಲಿಸಿಬಿಟ್ಟರು. ರೈತನಿಗೆ ಬೇಕಾದದ್ದು ಒಂದೇ ಚೂರಿ. ನಮ್ಮಂಥವರಿಗೆ ಸಾಲಾಗಿ ಜೋಡಿಸಿದ ಹತ್ತು ಚೂರಿಗಳು ಕಾಣುವುದಿಲ್ಲ, ನಡುವೆ ಬಿಟ್ಟುಹೋದ ಎರಡು ಜಾಗಗಳೇ ಕಾಣುತ್ತವೆ. ಬಾಯಲ್ಲಿ ಮೂವತ್ತೊಂದು ಹಲ್ಲಿದ್ದರೂ ನಾಲಗೆ ಹೋಗುವುದು ಬಿದ್ದ ಹಲ್ಲಿನ ಸಂದಿಗೆ ತಾನೆ?

ಮೂರನೆಯದು ಉಕ್ಕಿನ ಮೋಹ. ಇದು ಎಲ್ಲಕ್ಕಿಂತ ಆಳ. ಗಡುಸಾದ ಉಕ್ಕು ಹರಿತವನ್ನು ಬಹಳ ದಿನ ಉಳಿಸಿಕೊಳ್ಳುತ್ತದೆ, ಆದರೆ ಎಲುಬಿಗೆ ತಾಗಿದರೆ ಚಕ್ಕೆ ಏಳುತ್ತದೆ. ಮೆದುವಾದ ಉಕ್ಕು ಮುರಿಯುವುದಿಲ್ಲ, ಆದರೆ ಬೇಗ ಮೊಂಡಾಗುತ್ತದೆ. ತುಕ್ಕು ಹಿಡಿಯದ್ದು ಮಸೆಯಲು ಹಟ ಮಾಡುತ್ತದೆ, ಸುಲಭವಾಗಿ ಮಸೆಯಬಹುದಾದದ್ದು ನಿಂಬೆಹುಳಿ ತಾಗಿದರೆ ಕಪ್ಪಾಗುತ್ತದೆ. ಹೀಗೆ ಪ್ರತಿಯೊಂದು ಅಲಗೂ ಒಂದು ರಾಜಿ. ಒಂದು ಗುಣ ಬೇಕೆಂದರೆ ಇನ್ನೊಂದನ್ನು ಬಿಟ್ಟುಕೊಡಬೇಕು. ಯಾವ ಕಮ್ಮಾರನೂ ಎಲ್ಲ ಗುಣಗಳನ್ನು ಒಂದರಲ್ಲೇ ಇಡಲಾರ. ಆದರೆ ಕೊಳ್ಳುವವನ ಮನಸ್ಸು ಒಪ್ಪಬೇಕಲ್ಲ! ಮುಂದಿನದರಲ್ಲಿ ಎಲ್ಲವೂ ಇದ್ದೀತು ಎಂದು ಅದು ಪಿಸುಗುಡುತ್ತಲೇ ಇರುತ್ತದೆ. ಇಲ್ಲದ ಒಂದು ಚೂರಿಗಾಗಿ ನಾವು ಇರುವ ಚೂರಿಗಳನ್ನೆಲ್ಲ ಕೊಳ್ಳುತ್ತಿದ್ದೇವೆ.

ಇದಕ್ಕೆ ಕಥೆಗಳೂ ಒಗ್ಗರಣೆ ಹಾಕುತ್ತವೆ. ದಮಾಸ್ಕಸ್ ಖಡ್ಗದ ಹೆಸರು ಕೇಳದವರಿಲ್ಲ. ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳಿರುವ ಆ ಖಡ್ಗಗಳಿಗೆ ಬೇಕಾದ ಉಕ್ಕಿನ ಗಟ್ಟಿಗಳು ದಕ್ಷಿಣ ಭಾರತ ಮತ್ತು ಸಿಂಹಳದಿಂದ ಹಡಗೇರಿ ಹೋಗುತ್ತಿದ್ದವು. ಬಗ್ದಾದಿನ ತತ್ವಜ್ಞಾನಿ ಅಲ್ ಕಿಂದಿ 9ನೇ ಶತಮಾನದಲ್ಲಿ ಖಡ್ಗಗಳ ಬಗೆಗಳ ಮೇಲೆಯೇ ಒಂದು ಪ್ರಬಂಧ ಬರೆದಿದ್ದಾನೆ. ಇಂಗ್ಲಿಷರು ಈ ಉಕ್ಕನ್ನು ‘ವೂಟ್ಜ್’ ಎಂದು ಕರೆದರು. ಅದು ನಮ್ಮ ಕನ್ನಡದ ‘ಉಕ್ಕು’ ಪದದಿಂದಲೇ ಬಂದಿರಬೇಕೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದರ ಪರೀಕ್ಷೆಯ ವಿವರ ಇಟ್ಟ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿಟ್ಟ. ವಿದ್ಯುತ್ತಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಕೂಡ ಇದರ ಗುಟ್ಟು ಹುಡುಕಿ ಬೆವರಿದ. ಅಷ್ಟರಲ್ಲಿ ನಮ್ಮ ಕುಲುಮೆಗಳು ಒಂದೊಂದಾಗಿ ಆರಿದವು, ವಿದ್ಯೆಯೂ ಹೋಯಿತು. 1998ರಲ್ಲಿ ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಸೇರಿ ಪ್ರಕಟಿಸಿದ ಬರಹವೊಂದು, ಅದಿರಿನಲ್ಲಿದ್ದ ವೆನೇಡಿಯಂನಂಥ ಲೋಹಗಳ ಒಂದಿಷ್ಟು ಅಂಶವೇ ಆ ಗೆರೆಗಳಿಗೆ ಕಾರಣ ಎಂದು ತೋರಿಸಿತು.

ಈ ಕಥೆ ಕೇಳಿದ ಕನ್ನಡಿಗನ ಎದೆ ಉಬ್ಬದಿದ್ದೀತೆ? ನಮ್ಮದೂ ಉಬ್ಬಿತು. ಉಬ್ಬಿದ ಎದೆಯ ಜೇಬಿನಿಂದ ಹಣ ಬೇಗ ಹೊರಬರುತ್ತದೆ. ಇಂದು ‘ದಮಾಸ್ಕಸ್’ ಎಂದು ಮಾರಾಟವಾಗುವ ಚೂರಿಗಳಲ್ಲಿ ಹೆಚ್ಚಿನವು ಆ ಹಳೆಯ ಉಕ್ಕಿನವಲ್ಲ. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಪದರ ಪದರವಾಗಿ ಬೆಸೆದು ಬಡಿದು, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದವು. ಅಮೆರಿಕದ ವಿಲಿಯಂ ಮೊರಾನ್ ಎಂಬ ಕಮ್ಮಾರ 1973ರಲ್ಲಿ ಇಂಥ ಚೂರಿಗಳನ್ನು ಪ್ರದರ್ಶಿಸಿದ ಮೇಲೆ ಅಲ್ಲಿ ಇವುಗಳ ಹುಚ್ಚು ಹಬ್ಬಿತು. ಅದೂ ಒಂದು ಜಾಣ ಕಸುಬೇ. ಆದರೆ ಕೊಳ್ಳುವವನು ಕೊಳ್ಳುವುದು ಉಕ್ಕನ್ನಲ್ಲ, ಕಥೆಯನ್ನು.

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ನೋಡಿದವರಿಗೆ ಈ ಮಾತು ಚೆನ್ನಾಗಿ ಅರ್ಥವಾದೀತು. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889-1949) ಮದುವೆಯಾಗದೆ, ತನ್ನ ಸಂಪತ್ತನ್ನೆಲ್ಲ ಅಪರೂಪದ ವಸ್ತುಗಳಿಗೆ ಸುರಿದವನು. ಜಹಾಂಗೀರನ ಕಠಾರಿಯೂ ನೂರ್ ಜಹಾನಳ ಹಣ್ಣು ಕೊಯ್ಯುವ ರತ್ನಖಚಿತ ಚೂರಿಯೂ ಅಲ್ಲಿವೆ. ಆ ಹಣ್ಣಿನ ಚೂರಿಯ ಮುಂದೆ ನಾವು ಬಹಳ ಹೊತ್ತು ನಿಂತಿದ್ದೆವು. ಒಂದು ಕಾಲದಲ್ಲಿ ಅದರ ಮೇಲೆ ಹಣ್ಣಿನ ರಸ ಹರಿದಿರಬಹುದು. ಈಗ ಗಾಜಿನೊಳಗೆ ತಣ್ಣಗೆ ಮಲಗಿದೆ. ಒಡೆಯ ತೀರಿಕೊಂಡ ಮೇಲೆ, 1951ರಲ್ಲಿ ಆ ಸಂಗ್ರಹ ಜನರ ನೋಟಕ್ಕೆ ತೆರೆಯಿತು. ನವಾಬನ ಸಂಗ್ರಹ ಊರಿನ ಸೊತ್ತಾಯಿತು. ನಮ್ಮ ನಾಲ್ವರ ಪೆಟ್ಟಿಗೆಗಳು ನಾಳೆ ಯಾರ ಸೊತ್ತು? ಮಕ್ಕಳಿಗೆ ಅದರಲ್ಲಿ ಆಸಕ್ತಿಯಿಲ್ಲ, ಮೊಬೈಲಿನಿಂದ ತಲೆ ಎತ್ತಿದರೆ ತಾನೆ!

ಚೂರಿ ಕೂಡಿಹಾಕಿದ ಇನ್ನೊಂದು ಬಗೆಯವರೂ ಚರಿತ್ರೆಯಲ್ಲಿ ಇದ್ದಾರೆ. ಪಕ್ಕದ ಮಲಬಾರಿನಲ್ಲಿ ಮಾಪಿಳ್ಳೆಯರು ಸೊಂಟದ ಪಟ್ಟಿಯಲ್ಲಿ ಕತ್ತಿ ಸಿಕ್ಕಿಸಿಕೊಳ್ಳುವುದು ವಾಡಿಕೆಯಾಗಿತ್ತು. ಜಮೀನುದಾರಿಕೆಯ ವಿರುದ್ಧ ಅಲ್ಲಿ ಮತ್ತೆ ಮತ್ತೆ ದಂಗೆಗಳೆದ್ದಾಗ ಇಂಗ್ಲಿಷರು 1854ರಲ್ಲಿ ಮಾಪಿಳ್ಳೆಯರ ‘ಯುದ್ಧದ ಚೂರಿ’ಗಳನ್ನು ನಿಷೇಧಿಸಿ ಕಾಯಿದೆ ತಂದರು. ಜಿಲ್ಲೆಯ ಕಲೆಕ್ಟರ್ ಎಚ್.ವಿ. ಕಾನೊಲಿ ತಾನೇ ಊರೂರು ತಿರುಗಿ ಚೂರಿ ಒಪ್ಪಿಸಿಕೊಂಡ. 1855ರ ಜನವರಿ ಮುಗಿಯುವಾಗ ಅವನ ಲೆಕ್ಕಕ್ಕೆ 7,561 ಚೂರಿಗಳು ಬಂದಿದ್ದವು. ನಾವು ನಾಲ್ವರು ಏಳು ಜನ್ಮ ಎತ್ತಿದರೂ ಆಗದ ಸಂಗ್ರಹ! ಆದರೆ ಅದೇ ವರ್ಷ ಸೆಪ್ಟೆಂಬರ್ 11ರಂದು ಕಲ್ಲಿಕೋಟೆಯ ತನ್ನ ಬಂಗಲೆಯಲ್ಲೇ, ಸೆರೆಮನೆಯಿಂದ ತಪ್ಪಿಸಿಕೊಂಡಿದ್ದ ಕೈದಿಗಳ ಕೈಯಲ್ಲಿ ಅವನ ಕೊಲೆಯಾಯಿತು. ಕಬ್ಬಿಣವನ್ನು ಜಪ್ತಿ ಮಾಡಬಹುದು. ಸಿಟ್ಟನ್ನು ಜಪ್ತಿ ಮಾಡಿ ಕೋಣೆಯಲ್ಲಿಟ್ಟು ಬೀಗ ಹಾಕಲಾಗದು.

ಕತ್ತಿಯ ಅರ್ಥ ಅದರ ಅಲಗಿನಲ್ಲಿಲ್ಲ, ಅದು ಯಾರ ಕೈಯಲ್ಲಿದೆ ಎಂದು ನೋಡುವವರ ಕಣ್ಣಿನಲ್ಲಿದೆ. ನಮ್ಮ ಕೊಡವ ಗೆಳೆಯರ ಮನೆಯ ಗೋಡೆಯಲ್ಲಿ ಒಡಿಕತ್ತಿ ಮತ್ತು ಪೀಚೆಕತ್ತಿ ನೇತಾಡುತ್ತವೆ. ಕೈಲ್ ಪೊಳ್ದ್ ಹಬ್ಬದಲ್ಲಿ ಅವಕ್ಕೆ ಹೂವು, ಗಂಧ. ಮದುವೆಯಲ್ಲಿ ಬಾಳೆದಿಂಡು ಕಡಿಯಲು ಅದೇ ಒಡಿಕತ್ತಿ. ಬಂದ ನೆಂಟರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಗಡಿಯ ಗೆಳೆಯರ ಮನೆಯಲ್ಲಿ ಸೇಬು ಕೊಯ್ಯುವ ಮೂರು ಇಂಚಿನ ಚೂರಿಗಳೂ ಕಪಾಟಿನ ಒಳಗೆ, ಬಟ್ಟೆಗಳ ಕೆಳಗೆ. ಅವರು ನಿಯಮ ಬಲ್ಲವರು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದು, ಮನೆ, ಕೃಷಿ, ಕೈಗಾರಿಕೆಯಂಥ ಕೆಲಸಕ್ಕೆಂದು ಮಾಡಿದ್ದಲ್ಲದಿದ್ದರೆ ಅದನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಎಣಿಸುತ್ತವೆ. ಅಂಥದ್ದೊಂದೂ ಅವರಲ್ಲಿಲ್ಲ. ಆದರೂ ಒಮ್ಮೆ ಊರು ಬಿಸಿಯಾಗಿ, ಅಂಗಡಿಗಳ ಬಾಗಿಲು ಬಿದ್ದ ಸಂಜೆ ಅವರ ಮನೆಯಾಕೆ ಹೇಳಿದರು: “ನಿಮ್ಮ ಪೆಟ್ಟಿಗೆಯನ್ನು ಇವತ್ತೇ ಎಲ್ಲಿಗಾದರೂ ಕಳಿಸಿ. ನಾಳೆ ಇದನ್ನು ಮೇಜಿನ ಮೇಲೆ ಹರಡಿ ಫೋಟೋ ತೆಗೆದರೆ, ಇದು ಹಣ್ಣಿನ ಚೂರಿ ಎಂದು ಯಾರಿಗೆ ಹೇಳುತ್ತೀರಿ?” ಪೆಟ್ಟಿಗೆ ಆ ರಾತ್ರಿಯೇ ಬ್ಯಾಂಕಿನ ಗೆಳೆಯರ ಮನೆ ಸೇರಿತು. ಎಂಟು ತಿಂಗಳು ಅಲ್ಲಿಯೇ ಇತ್ತು. ಅದೇ ಚೂರಿಗಳು, ಅದೇ ಪೆಟ್ಟಿಗೆ. ಬದಲಾದದ್ದು ಬಾಗಿಲ ಮೇಲಿನ ಹೆಸರು ಮಾತ್ರ. ಈ ಬಗ್ಗೆ ನಾವು ನಾಲ್ವರೂ ಹೆಚ್ಚು ಮಾತಾಡಿಲ್ಲ. ಮಾತಾಡದೆ ಅರ್ಥವಾಗುವ ಸಂಗತಿಗಳೂ ಇರುತ್ತವೆ.

ಇಷ್ಟೆಲ್ಲ ಪಾಡು ಪಟ್ಟೂ ಬಿಡಲಾಗದ ಈ ಗೀಳಿನ ಬೇರು ಎಲ್ಲಿದೆ? ಉತ್ತರದ ತುದಿ ಸಿಕ್ಕಿದ್ದು ಪುತ್ತೂರಿನ ಕಡೆಯ ಒಂದು ಹಳ್ಳಿಯ ಕುಲುಮೆಯಲ್ಲಿ. ಅಲ್ಲಿನ ಆಚಾರಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕೆಂಡದಲ್ಲಿ ಕಾಸಿ, ಬಡಿದು, ಎಣ್ಣೆಯಲ್ಲಿ ಅದ್ದಿ ಕತ್ತಿ ಮಾಡುವವರು. ಕಾದ ಕಬ್ಬಿಣದ ಬಣ್ಣ ನೋಡಿಯೇ ಹದ ಹೇಳುತ್ತಾರೆ, ಅಳೆಯುವ ಯಂತ್ರ ಬೇಡ. ನಾವು ಹೆಮ್ಮೆಯಿಂದ ನಮ್ಮ ದುಬಾರಿ ಜಪಾನಿ ಚೂರಿಯನ್ನು ಅವರ ಮುಂದಿಟ್ಟೆವು. ಅವರು ಹೆಬ್ಬೆರಳಿನಿಂದ ಅಲಗನ್ನು ಅಡ್ಡವಾಗಿ ಸವರಿ, “ಭಾರಿ ಚಂದ ಉಂಟು ಮಾಷ್ಟ್ರೇ. ಇದರಲ್ಲಿ ಎಂತ ಕಡಿಯುದು ನೀವು?” ಎಂದು ಕೇಳಿದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರ ಸ್ವಂತ ಕತ್ತಿ ಬಾಗಿಲ ಸಂದಿಯಲ್ಲಿ ಸಿಕ್ಕಿಸಿತ್ತು. ಮಸೆದು ಮಸೆದು ಅಲಗು ಅರ್ಧಕ್ಕಿಳಿದಿತ್ತು. ಕೊಂಡು ಕೂಡಿಟ್ಟದ್ದು ಅವರ ಬಳಿ ಒಂದೂ ಇರಲಿಲ್ಲ.

ಬಕ್ರೀದಿನ ಮುನ್ನಾದಿನ ಕಸಾಯಿಯ ಮನೆಯಲ್ಲಿ ಕಂಡದ್ದೂ ಇದನ್ನೇ. ಸಾಣೆಕಲ್ಲಿನ ಮುಂದೆ ಕುಳಿತು ಅವರು ಮೂರೇ ಮೂರು ಚೂರಿಗಳನ್ನು ತಾಳ್ಮೆಯಿಂದ ಮಸೆಯುತ್ತಿದ್ದರು. ಮೊಂಡು ಚೂರಿ ಪ್ರಾಣಿಗೆ ಮಾಡುವ ಹಿಂಸೆ, ಹರಿತವೇ ಅಲ್ಲಿ ಕರುಣೆ ಎಂಬುದು ಅವರಿಗೆ ಕಲಿಸಿದ ಪಾಠ. ಆ ಕೈಗೆ ಚೂರಿ ಬೇಕು, ಚೂರಿಗೆ ಆ ಕೈ ಬೇಕು.

ನಮ್ಮ ಕೈಗಳು ಮಾಡುವುದೇನು? ಕಂಪ್ಯೂಟರಿನ ಕೀಲಿ ಒತ್ತುವುದು, ಉತ್ತರಪತ್ರಿಕೆಗೆ ಅಂಕ ಹಾಕುವುದು, ನೋಟು ಎಣಿಸುವುದು. ಸಂಜೆ ತಿರುಗಿ ನೋಡಿದರೆ ‘ಇದು ನನ್ನ ಕೈ ಮಾಡಿದ್ದು’ ಎನ್ನಲು ಏನೂ ಇರುವುದಿಲ್ಲ. ಚೂರಿಯಲ್ಲಿ ಮಾತ್ರ ಕೈಯ ಕೆಲಸ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಿಳಿಯುತ್ತದೆ. ಹರಿತ ಇದೆಯೋ ಇಲ್ಲವೋ ಎಂಬುದರಲ್ಲಿ ಭಾಷಣಕ್ಕೆ, ವಶೀಲಿಗೆ ಜಾಗವಿಲ್ಲ. ಒಂದು ಟೊಮೆಟೊ ಸಾಕು, ನಿಜ ಹೇಳಿಬಿಡುತ್ತದೆ. ನಮಗೆ ಬೇಕಾಗಿದ್ದದ್ದು ಕತ್ತಿಯಲ್ಲ, ಕತ್ತಿಯನ್ನು ಬಲ್ಲ ಕೈ. ಅದು ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ಸಿಗುವುದನ್ನು ಕೊಳ್ಳುತ್ತೇವೆ. ಕೊಂಡದ್ದು ಸವೆದೀತೆಂದು ಬಳಸುವುದಿಲ್ಲ. ಬಳಸದ ಕೈ ಕಲಿಯುವುದಿಲ್ಲ. ಕಲಿಯದ ಕೈ ಮತ್ತೆ ಕೊಳ್ಳುತ್ತದೆ. ಗೀಳೆಂದರೆ ಇದೇ ಸುತ್ತು. ಬಂಗಾರದ ಚೂರಿಯೆಂದು ಹೊಟ್ಟೆಗೆ ಚುಚ್ಚಿಕೊಳ್ಳುವುದುಂಟೆ ಎನ್ನುತ್ತಾರೆ ಹಿರಿಯರು. ನಾವು ಚುಚ್ಚಿಕೊಂಡದ್ದು ಹೊಟ್ಟೆಗಲ್ಲ, ತಿಂಗಳ ಸಂಬಳಕ್ಕೆ.

ಈಗ ನಮ್ಮೊಳಗೆ ಒಂದು ಕಟ್ಟಳೆ ಇದೆ. ಹೊಸದು ಬೇಕಾದವರು ಮೊದಲು ಪೆಟ್ಟಿಗೆಯಿಂದ ಒಂದನ್ನು ತೆಗೆದು ಮೂರು ತಿಂಗಳು ಅಡುಗೆಮನೆಯಲ್ಲಿ ದುಡಿಸಬೇಕು, ತಾವೇ ಮಸೆಯಬೇಕು. ವಿದೇಶಿ ಹೆಸರಿನ ಒಂದನ್ನು ಕೊಂಡರೆ ಆಚಾರಿಯ ಕುಲುಮೆಯಿಂದಲೂ ಒಂದನ್ನು ಕೊಳ್ಳಬೇಕು. ಇದರಿಂದ ಗೀಳು ಪೂರ್ತಿ ಹೋಗಿದೆಯೆಂದು ಹೇಳಲಾರೆವು. ಕೊಳ್ಳುವುದು ಕಡಿಮೆಯಾಗಿದೆ, ಈರುಳ್ಳಿ ಹೆಚ್ಚುವುದು ಬಂದಿದೆ.

ಅಂಗಡಿಯ ಗೆಳೆಯರ ಉಮ್ಮ ಹೋದ ವರ್ಷ ತೀರಿಕೊಂಡರು. ನಲವತ್ತು ವರ್ಷ ಬೂತಾಯಿ, ಬಂಗುಡೆ ಕೊಯ್ದ ಅವರ ಕತ್ತಿ ಸವೆದು ಬೆರಳಿನಷ್ಟೇ ಅಗಲ ಉಳಿದಿತ್ತು, ಹಿಡಿಗೆ ಸುತ್ತಿದ ಬಟ್ಟೆ ಕಪ್ಪಾಗಿತ್ತು. ಸಂತೆಯಲ್ಲಿಟ್ಟರೆ ಹತ್ತು ರೂಪಾಯಿಗೂ ಹೋಗದ ಆ ಕತ್ತಿ ತನಗೆ ಬೇಕೆಂದು ಮೂವರು ಹೆಣ್ಣುಮಕ್ಕಳೂ ಕೇಳಿದರು. ಕೊನೆಗೆ ಹಿರಿಯಕ್ಕ ಒಯ್ದರು. ದಿನವೂ ಅದರಲ್ಲೇ ಮೀನು ಕೊಯ್ಯುತ್ತಾರಂತೆ.