ಪುರವಂತರ ಒಡಪು

ವಾದ್ಯವೊಂದೂ ಇಲ್ಲದೆ, ಬರಿಯ ಬಾಯಿಂದಲೇ ತಾಳವನ್ನು ಹುಟ್ಟಿಸುವ ನೃತ್ಯವೊಂದು ಬಾಲಿದ್ವೀಪದಲ್ಲುಂಟು. ಅದರ ಹೆಸರು ಕೆಚಕ್. ಗಂಡಸರು ವರ್ತುಲವಾಗಿ ಕುಳಿತು, ತೂಗಾಡುತ್ತ 'ಚಕ್ ಚಕ್' ಎಂದು ಘೋಷಿಸುತ್ತಿರಲು, ನಡುವೆ ರಾಮಾಯಣದ ಕಥೆ ನಡೆಯುತ್ತದೆ. ದೈವಾವೇಶದ ಹಳೆಯ ವಿಧಿಯೊಂದರ ಘೋಷಕ್ಕೆ 1930ರ ದಶಕದಲ್ಲಿ ಈ ರೂಪವು ಬಂದಿತು. ಇದನ್ನು ಓದಿದಾಗ ನನಗೆ ನಮ್ಮ ಶಿರಗುಪ್ಪಿಯ ಸೀಮೆಯಲ್ಲಿ ಕಾಣುವ ಪುರವಂತರ ನೆನಪಾಯಿತು.

ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಮದುವೆಗೆ ಮುನ್ನ ಗುಗ್ಗಳವನ್ನು ಹೊರಡಿಸುವುದುಂಟು. ಆಗ ಗೆಜ್ಜೆ ಕಟ್ಟಿ, ಖಡ್ಗ ಹಿಡಿದು ಪುರವಂತರು ಕುಣಿಯುತ್ತಾರೆ. ಸಮಾಳದ ಬಡಿತವು ನಿಂತೊಡನೆ ಅವರ ಕಂಠವು ಏರುತ್ತದೆ; ದಕ್ಷಯಜ್ಞದ ಕಥೆಯನ್ನು ಒಡಪಿನಲ್ಲಿ ಹೇಳುತ್ತಾರೆ. ಒಡಪು ಮುಗಿದರೆ ಮತ್ತೆ ಕುಣಿತ. ಕೆಲವರು ಗಲ್ಲಕ್ಕೆ ಶಸ್ತ್ರವನ್ನೂ ಹಾಕಿಸಿಕೊಳ್ಳುವರು.

ನಾನು ಉಪಾಧ್ಯಾಯನಾಗಿದ್ದಾಗ, ಗುಗ್ಗಳದ ಮರುದಿನ ಹುಡುಗರನ್ನು ಪ್ರಶ್ನಿಸುವ ರೂಢಿಯಿತ್ತು. ಶಸ್ತ್ರವೆಷ್ಟು ಉದ್ದವೆಂಬುದನ್ನು ಕೈಚಾಚಿ ತೋರಿಸುವರು. ವೀರಭದ್ರನು ಏಕೆ ಕೋಪಗೊಂಡನೆಂದರೆ ಸುಮ್ಮನಾಗುವರು. ಅವರನ್ನು ದೂರಿ ಫಲವೇನು? ಒಡಪು ಆರಂಭವಾದೊಡನೆ ಹಿರಿಯರೇ ತಮ್ಮತಮ್ಮ ಮಾತಿಗಿಳಿಯುತ್ತಾರೆ. ಕೇಳುವವರಿಲ್ಲದಿದ್ದರೆ ಹೇಳುವವನು ನಾಲ್ಕು ಮಾತಿಗೇ ಮುಗಿಸುತ್ತಾನೆ.

ಭರತಮುನಿಯು ಮಾತನ್ನು ನಾಟ್ಯದ ಶರೀರವೆಂದು ಕರೆದಿದ್ದಾನೆ. ಹದಿಮೂರನೆಯ ಶತಮಾನದ ರಾಘವಾಂಕನು ಇದೇ ಕಥೆಗಾಗಿ 'ವೀರೇಶಚರಿತೆ'ಯನ್ನು ರಚಿಸಿದನು. ಆ ಕಥೆಯಾದರೂ ಏನು? ಕರೆಯದಿದ್ದರೂ ತವರೆಂಬ ಮಮತೆಯಿಂದ ಬಂದ ಮಗಳು. ಅವಳೆದುರಿಗೇ ಅಳಿಯನನ್ನು ನಿಂದಿಸಿದ ತಂದೆ. ಆ ಒಂದು ನಿಂದೆಗೆ ಮಗಳ ದೇಹವೇ ಆಹುತಿ! ಅನಂತರ ಯಜ್ಞವೂ ಉಳಿಯಲಿಲ್ಲ, ದಕ್ಷನ ತಲೆಯೂ ಉಳಿಯಲಿಲ್ಲ. ಹೆಣ್ಣನ್ನು ಕೊಟ್ಟು ತರುವ ಹೊತ್ತಿಗೆ ಬೀಗರಿಬ್ಬರೂ ಕೇಳಬೇಕಾದ ಮಾತು ಇದಕ್ಕಿಂತ ಬೇರೊಂದುಂಟೇ? ಹಂದರದ ಕೆಳಗೆ ಇದನ್ನು ಹೇಳಿಸುವ ರೂಢಿಯಲ್ಲಿ ನಾನು ದೊಡ್ಡ ವಿವೇಕವನ್ನು ಕಾಣುತ್ತೇನೆ.

ಬಾಲಿಯ ಘೋಷದಲ್ಲಿ ಕುಳಿತವರೆಲ್ಲರೂ ಬಾಯಿ ತೆರೆಯಬೇಕು. ಆದುದರಿಂದ ಕಲೆಯು ಅನೇಕರ ಕಂಠದಲ್ಲಿದೆ. ನಮ್ಮಲ್ಲಿ ಹೇಳುವವನು ಒಬ್ಬನೇ; ಅವನಿಗೆ ನಮ್ಮ ಕಿವಿಯೇ ಆಸರೆ. ಗೃಹಸ್ಥರಾದ ವಾಚಕರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮಲ್ಲಿ ಗುಗ್ಗಳವಾದಾಗ ಒಡಪನ್ನು ಪೂರ್ತಿ ಹೇಳಿರೆಂದು ಪುರವಂತರನ್ನು ಕೇಳಿಕೊಳ್ಳಿರಿ. ಮಕ್ಕಳನ್ನು ಮುಂದೆ ಕೂಡಿಸಿರಿ. ಅಕ್ಷರ ಬಲ್ಲ ಸೊಸೆಯೋ ಮಗನೋ ಅದನ್ನು ಬರೆದಿಡಲಿ. ಮಾತು ಹೋಗಿ ಶಸ್ತ್ರವೊಂದೇ ಉಳಿದರೆ, ನಮ್ಮ ಮಕ್ಕಳಿಗೆ ವೀರಭದ್ರನ ಸಿಟ್ಟು ಕಂಡೀತು; ದಾಕ್ಷಾಯಣಿಯ ಸಂಕಟವು ಕೇಳಿಸದು.