ಮೆಸ್ಕೂಟ

ಕ್ರೀಮಿಲ್ಲ, ಐಸಿಂಗ್ ಇಲ್ಲ, ಮೇಲೊಂದು ಚೆರ್ರಿ ಹಣ್ಣೂ ಇಲ್ಲ. ನಡುವೆ ತೂತಿರುವ ಬಳೆಯಾಕಾರದ ಒಂದು ಸಾದಾ ಕೇಕು. ಮೊರಾಕ್ಕೊದ ಮನೆಗಳಲ್ಲಿ ಸಂಜೆ ಚಹಾದ ಜೊತೆ ಇದು ಬರುತ್ತದೆ. ಹೆಸರು ಮೆಸ್ಕೂಟ.

ನನಗೆ ಹಿಡಿಸಿದ್ದು ಅದರ ಅಳತೆ. ತಕ್ಕಡಿಯ ಗೊಡವೆಯೇ ಬೇಡ. ಎಷ್ಟೋ ಮನೆಗಳಲ್ಲಿ ಚಹಾ ಕುಡಿಯುವ ಗ್ಲಾಸೇ ಮಾಪು, ಇಲ್ಲವೇ ಖಾಲಿಯಾದ ಮೊಸರಿನ ಡಬ್ಬಿ. ಮೊಟ್ಟೆ, ಸಕ್ಕರೆ ಚೆನ್ನಾಗಿ ನೊರೆಯೇಳುವಂತೆ ಕಡೆದು, ಎಣ್ಣೆ, ಕಿತ್ತಳೆ ರಸ, ಮೈದಾ, ಬೇಕಿಂಗ್ ಪೌಡರ್ ಸೇರಿಸಿದರೆ ಹಿಟ್ಟು ತಯಾರು. ಬೆಣ್ಣೆಯ ಬದಲು ಎಣ್ಣೆ ಹಾಕುವುದರಿಂದ ಮರುದಿನವೂ ಮೆತ್ತಗಿರುತ್ತದೆ. ಆದರೆ ಘಮವೆಲ್ಲ ಇರುವುದು ತುರಿದು ಹಾಕುವ ಕಿತ್ತಳೆ ಸಿಪ್ಪೆಯಲ್ಲಿ. ಬಣ್ಣದ ಪದರವಷ್ಟೇ ತುರಿಯಬೇಕು, ಒಳಗಿನ ಬಿಳಿ ಭಾಗ ಬಂದರೆ ಕಹಿ. (ನಾವು ಆ ಸಿಪ್ಪೆಯಲ್ಲಿ ಗೊಜ್ಜು ಮಾಡುವವರು. ಕಹಿಯನ್ನೂ ಬಿಡುವುದಿಲ್ಲ, ಬೆಲ್ಲ ಹಾಕಿ ಒಲಿಸಿಕೊಳ್ಳುತ್ತೇವೆ.)

ಜೊತೆಗೆ ಬರುವ ಚಹಾಕ್ಕೆ ಹಾಲಿಲ್ಲ. ಚೀನಾದಿಂದ ಬರುವ, ಗುಂಡುಗುಂಡಾಗಿ ಸುರುಟಿದ ಹಸಿರು ಚಹಾ ಎಲೆ, ಹಿಡಿ ತುಂಬ ಪುದೀನ, ಧಾರಾಳ ಸಕ್ಕರೆ. ಅದನ್ನು ಎತ್ತರದಿಂದ ಪುಟ್ಟ ಗ್ಲಾಸಿಗೆ ಸುರಿದು ನೊರೆ ಬರಿಸುತ್ತಾರೆ, ನಮ್ಮ ಹೋಟೆಲುಗಳಲ್ಲಿ ಕಾಫಿ ಎತ್ತಿ ಹೊಯ್ಯುವ ಹಾಗೆ.

ಅಷ್ಟು ಸಿಹಿ ಚಹಾದ ಪಕ್ಕ ಕ್ರೀಮು ಮೆತ್ತಿದ ಕೇಕಿಗೆ ಕೆಲಸವಿಲ್ಲ. ಮೆಸ್ಕೂಟವೇ ಸರಿ.